ದೋಸೆ ಹೆಂಚಿನ ಮೇಲೆ ಬನ್ನಿ ಎಲೆ

ದಸರಾಕ್ಕೆ ಮುಂಚಿನ ಭಾನುವಾರ ನಮ್ಮ ಮನೆಯ ದೋಸೆ ಹೆಂಚಿನ ಮೇಲೆ ನಾನು ಗ್ರೀಟಿಂಗ್ ಕಾರ್ಡು ಕಾಯಿಸುತ್ತಿದ್ದೆ.

ನೀವು ಸರಿಯಾಗಿಯೇ ಓದಿದಿರಿ. ದೋಸೆಯಲ್ಲ, ಕಾರ್ಡು. ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ದಪ್ಪ ಕಾಗದ, ಅದರ ಕೆಳಗೆ ಕಾದ ಹೆಂಚು. ನಮ್ಮ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಇದುಕ್ಕೆ ಚಟ್ನಿ ಏನ್ ಮಾಡಿದ್ದೀಯಾ?" ಎಂದು ಕೇಳಿ ಹೊರಟುಹೋದರು.

ವಿಷಯ ಇಷ್ಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸೊಸೆ ಶ್ವೇತಾ, ನನ್ನ ಬರ್ತ್‌ಡೇಗೆ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿಕೊಟ್ಟಳು. ಆಟಮ್, ಅಂದರೆ ಎಲೆ ಉದುರುವ ಕಾಲದ, ಕಾರ್ಡ್ ಮೇಕಿಂಗ್ ಕಿಟ್. ಒಳಗೆ ರಬ್ಬರ್ ಸ್ಟ್ಯಾಂಪುಗಳು, ಇಂಕ್ ಪ್ಯಾಡ್, ಕೆಂಪು ಕಿತ್ತಳೆ ಬಣ್ಣದ ಕಾಗದಗಳು, ಪುಟ್ಟ ಡಬ್ಬಿಯಲ್ಲಿ ಚಿನ್ನದ ಬಣ್ಣದ ಪುಡಿ. (ನನ್ನ ವಯಸ್ಸಿನ ಬೇರೆ ಅತ್ತೆಯರಿಗೆ ಸೊಸೆಯರು ಬಿ.ಪಿ. ಮೆಷಿನ್ ಕೊಡುತ್ತಾರೆ. ನಮ್ಮ ಶ್ವೇತಾ ಜಾಣೆ.)

ಆ ಪುಡಿ ಇರುವುದು ಎಂಬಾಸಿಂಗ್‌ಗೆ. ನಿಧಾನವಾಗಿ ಒಣಗುವ ಇಂಕಿನಲ್ಲಿ ಸ್ಟ್ಯಾಂಪ್ ಒತ್ತಬೇಕು. ಇನ್ನೂ ಹಸಿಯಿರುವಾಗಲೇ ಮೇಲೆ ಪುಡಿ ಉದುರಿಸಬೇಕು. ಅಂಟದೆ ಉಳಿದದ್ದನ್ನು ತಟ್ಟಿ ವಾಪಸು ಡಬ್ಬಿಗೆ ಹಾಕಬೇಕು. ಆಮೇಲೆ ಶಾಖ ಕೊಟ್ಟರೆ ಪುಡಿ ಕರಗಿ, ಉಬ್ಬಿ, ಒಂದೊಂದು ಗೆರೆಯೂ ಬಂಗಾರದ ತಂತಿಯ ಹಾಗೆ ಕಾಗದದಿಂದ ಮೇಲೇಳುತ್ತದೆ. ನೋಡುವುದಕ್ಕೆ ಮ್ಯಾಜಿಕ್. ಆದರೆ ಶಾಖ ಕೊಡುವ ಉಪಕರಣವನ್ನು ಕಿಟ್ಟಿನವರು ಕೊಟ್ಟಿರಲಿಲ್ಲ. ಹೇರ್ ಡ್ರೈಯರ್ ಹಿಡಿದೆ. ಪುಡಿಯೆಲ್ಲ ಹಾರಿ ಯಜಮಾನರ ಪಂಚೆಯ ಮೇಲೆ ಕೂತಿತು. ಹೆಂಚಿನ ಉಪಾಯ ಹೊಳೆದದ್ದು ಆಮೇಲೆ.

ಆಟಮ್! ಆ ಪದ ಕೇಳಿದರೆ ಈಗಲೂ ನನಗೆ ಕಾನ್ವೆಂಟಿನ ಡ್ರಾಯಿಂಗ್ ಕ್ಲಾಸು ಕಣ್ಣ ಮುಂದೆ ಬರುತ್ತದೆ. ಫಾರಿನ್ನಿನಿಂದ ಬಂದ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ನಾಲ್ಕು ಸೀಸನ್ನುಗಳನ್ನು ಬಿಡಿಸುತ್ತಿದ್ದರು. ನಾವು ಹುಡುಗಿಯರು ಎಂದೂ ಕಾಣದ ಮರಕ್ಕೆ ಎಂದೂ ಕಾಣದ ಎಲೆಗಳನ್ನು ಬರೆದು ಬಣ್ಣ ತುಂಬುತ್ತಿದ್ದೆವು. ಕ್ರೇಯಾನ್ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುತ್ತಿದ್ದದ್ದು ಆರೆಂಜ್. ಸಿಸ್ಟರ್ ಒಮ್ಮೊಮ್ಮೆ ಮಾತು ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊರಗೆ ಇದ್ದದ್ದು ಹೊಂಗೆ ಮರ. ಅವರಿಗೆ ಕಾಣುತ್ತಿದ್ದದ್ದು ಬೇರೆ ಏನೋ.

ನೋಡದ ಊರಿನ ಬಗ್ಗೆ ಹೋಮ್‌ಸಿಕ್ ಆಗುವುದು ಸಾಧ್ಯವೇ? ನಗಬೇಡಿ. ನನಗೆ ಆಗುತ್ತದೆ.

ಮದುವೆಯಾಗಿ ತಿಪಟೂರಿಗೆ, ಕೊಬ್ಬರಿ ವ್ಯಾಪಾರದ ಮನೆಗೆ ಬಂದೆ. ತೆಂಗಿನ ಮರಕ್ಕೆ ಆಟಮ್ ಇಲ್ಲ. ಸಿಸ್ಟರ್ ಬಿಡಿಸುತ್ತಿದ್ದ ಮೇಪಲ್ ಎಲೆ ಗಾಳಿಯಲ್ಲಿ ತೇಲಿ ತೇಲಿ ಇಳಿಯುತ್ತದಂತೆ. ನಮ್ಮ ತೆಂಗಿನ ಗರಿ ತನಗೆ ಇಷ್ಟ ಬಂದ ತಿಂಗಳಲ್ಲಿ, ಇಷ್ಟ ಬಂದ ಹೊತ್ತಿನಲ್ಲಿ ದೊಪ್ಪೆಂದು ಬೀಳುತ್ತದೆ. ಕೆಳಗೆ ಸ್ಕೂಟರ್ ನಿಂತಿದ್ದರೆ ಮಿರರ್ ಹೋಯಿತು. ಅಂಥ ಗರಿಯಿಂದ ಗ್ರೀಟಿಂಗ್ ಕಾರ್ಡ್ ಮಾಡುವುದು ಹೇಗೆ ಹೇಳಿ?

ಹಾಗಾಗಿ ಕಿಟ್ಟಿನ ಸ್ಟ್ಯಾಂಪೇ ಗತಿ ಎಂದುಕೊಂಡು ಮೇಪಲ್ ಎಲೆ ಒತ್ತುತ್ತಾ ಕೂತಿದ್ದಾಗ ಮಂಗಳಕ್ಕ ಬಂದರು.

ಮಂಗಳಕ್ಕ ನನ್ನ ಓರಗಿತ್ತಿ. ಯಜಮಾನರ ಅಣ್ಣನ ಹೆಂಡತಿ. ಒಂದೇ ಕಾಂಪೌಂಡು, ಎರಡು ಬಾಗಿಲು, ಒಂದೇ ಅಡುಗೆಮನೆ, ಹೀಗೆ ನಮ್ಮ ಸಂಸಾರ. ಕನ್ನಡಕ ಸರಿಮಾಡಿಕೊಂಡು ಕಾರ್ಡು ನೋಡಿದರು.

"ಇದ್ಯಾಕೆ ಲಲ್ತಾ, ಹರಳೆಲೆ ಒತ್ತಿದ್ದೀಯಾ?"

"ಹರಳೆಲೆ ಅಲ್ಲಕ್ಕ. ಮೇಪಲ್. ಫಾರಿನ್ನಿನ ಮರ. ಈ ಕಾಲದಲ್ಲಿ ಎಲೆ ಹಣ್ಣಾಗಿ ಉದುರುತ್ತೆ."

"ಉದುರೋಗಿರೋ ಎಲೇನ ಹಬ್ಬುಕ್ಕೆ ಯಾರ್ ಮನೆಗೆ ಕಳುಸ್ತೀಯೆ? ನಿನ್ನ ಕಂಡೇಟಿಗೆ ಬಾಗ್ಲು ಹಾಕ್ಕಂತಾರೆ, ನೋಡ್ತಿರು."

ಪಕ್ಕದಲ್ಲಿ ಕೂತಿದ್ದ ಶ್ವೇತಾ ಕಿಸಕ್ಕೆಂದಳು. ನಾನು ಪೆಚ್ಚಾದೆ. ಅಕ್ಕ ಹೇಳಿದ್ದರಲ್ಲಿ ತಪ್ಪೇನಿದೆ? ಸಿಸ್ಟರಿಗೆ ಚೆಂದ ಕಂಡ ಎಲೆ ನಮ್ಮ ಕಡೆಯವರ ಕೈಗೆ ಹೋದರೆ ಅಪಶಕುನ. ಹಬ್ಬದ ದಿನ ಮನೆಬಾಗಿಲಿಗೆ ಹಸಿರು ಕಟ್ಟುವವರು ನಾವು.

"ಈ ಕಾಲ್ದಾಗೆ ಎಲೆ ಅಂದ್ರೆ ಬನ್ನಿ ಕಣೇ," ಎಂದರು ಮಂಗಳಕ್ಕ. "ಅದುನ್ನ ಒತ್ತು."

ಅರೆ, ಹೌದಲ್ಲ! ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರ ಅಂತಲೇ ಅಲ್ಲವೇ ಒಬ್ಬರಿಗೊಬ್ಬರು ಕೊಡುವುದು? ಡಬ್ಬಿಯಲ್ಲಿ ಇರುವುದೂ ಬಂಗಾರದ ಪುಡಿ. ಯಜಮಾನರನ್ನು ಓಡಿಸಿ ಗುಡಿಯ ಹಿಂದಿನ ಮರದಿಂದ ಒಂದು ರೆಂಬೆ ತರಿಸಿದೆ. ಬನ್ನಿ ಎಲೆ ನೋಡಿದ್ದೀರಲ್ಲ, ಹುಣಸೆ ಎಲೆಯ ತಂಗಿಯ ಹಾಗೆ, ಪುಟ್ಟ ಪುಟ್ಟದು. ಎಲೆಯ ಕಡ್ಡಿಗೇ ಇಂಕು ಹಚ್ಚಿ, ಕಾರ್ಡಿನ ಮೇಲೆ ಮಲಗಿಸಿ, ಬೆರಳಲ್ಲಿ ಒತ್ತಿ ತೆಗೆದರೆ ಆಯಿತು. ಯಾವ ಸ್ಟ್ಯಾಂಪೂ ಬೇಡ.

ಒಂದು ಮಾತು ಇಲ್ಲೇ ಹೇಳಬೇಕು. ಬನ್ನಿಯ ಐಡಿಯಾ ಕೊಟ್ಟ ಅಕ್ಕ ಈ ಸಲ ಬನ್ನಿ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ನಮ್ಮ ಮನೆಯಲ್ಲಿ ಹಿರಿಯ ಹೆಂಗಸು ಮೊದಲು ಬನ್ನಿ ಕೊಡಬೇಕು, ಆಮೇಲೆ ಉಳಿದವರು. ಅತ್ತೆಯವರು ಹೋದ ಮೇಲೆ ಆ ಜಾಗ ಮಂಗಳಕ್ಕನದು. ಆದರೆ ಭಾವನವರು ತೀರಿಕೊಂಡರು. ಹೋದ ವರ್ಷ ಹಬ್ಬ ಮಾಡಲಿಲ್ಲ. ವರ್ಷದ ಕಾರ್ಯವೆಲ್ಲ ಮುಗಿದು ಇದೇ ಮೊದಲ ದಸರಾ.

"ಈ ಸಲ್ದಿಂದ ನೀನೇ ಕೊಟ್ಬುಡು," ಎಂದಿದ್ದರು ಅಕ್ಕ, ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತಾ. "ನಾನು ಈಚಿಗೆ ಬರಲ್ಲ."

ಯಾಕೆ ಎಂದು ಯಾರೂ ಕೇಳಲಿಲ್ಲ. ಇಂಥದ್ದನ್ನು ನಮ್ಮಲ್ಲಿ ಯಾರು ಕೇಳುತ್ತಾರೆ? ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದೆ ಎಂಬುದೇ ದೊಡ್ಡ ತೊಂದರೆ.

ಅವತ್ತು ಮಾತ್ರ ಅಕ್ಕನಿಗೆ ಉತ್ಸಾಹ ಬಂದಿತ್ತು. ರೆಂಬೆ ಬರುವವರೆಗೆ ಶ್ವೇತಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದವರು (ಬ್ಯಾಂಕಿನ ಆಫೀಸರಮ್ಮನಿಗೆ ಪ್ರತಿ ಭಾನುವಾರ ಇದು ಆಗಲೇಬೇಕು) ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತರು. ಅಕ್ಕ ಎಲೆ ಒತ್ತುವುದು, ನಾನು ಪುಡಿ ಉದುರಿಸುವುದು, ಶ್ವೇತಾ ತಟ್ಟೆಯಲ್ಲಿ ಜೋಡಿಸುವುದು. ಫ್ಯಾಕ್ಟರಿ ತೆರೆದುಬಿಟ್ಟೆವು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಕಾಯಿಸೋಣ ಎಂದು ನಾನೇ ಹೇಳಿದ್ದು.

ಮೊದಲನೇ ಕಾರ್ಡನ್ನು ಹೆಂಚಿನ ಮೇಲೆ ಹಿಡಿದೆ. ಬನ್ನಿ ಎಲೆ ಉಬ್ಬಿ ಫಳಫಳ ಹೊಳೆಯಿತು. ಅದರ ಪಕ್ಕದಲ್ಲೇ ಒಂದು ಹೆಬ್ಬೆರಳೂ ಉಬ್ಬಿ ಹೊಳೆಯಿತು! ಸುರುಳಿ ಸುರುಳಿಯಾಗಿ, ಒಂದು ಗೆರೆಯೂ ತಪ್ಪದೆ, ಬಂಗಾರದ ಬೆರಳಚ್ಚು. (ರೇಷನ್ ಅಂಗಡಿಯ ಮೆಷಿನ್ನಿಗೆ ಎಷ್ಟು ಒತ್ತಿದರೂ ಸಿಗದ ಅಕ್ಕನ ಬೆರಳು ಅದು.) ಎರಡನೆಯದು ಕಾಯಿಸಿದೆ. ಅದರಲ್ಲಿ ಹೆಬ್ಬೆರಳು, ತೋರುಬೆರಳು ಎರಡೂ. ತಟ್ಟೆಯಲ್ಲಿದ್ದ ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲವೂ ಅಷ್ಟೇ. ನನ್ನ ಮಂಜುಗಣ್ಣಿಗೆ ಅಲ್ಲಿಯವರೆಗೆ ಕಂಡಿರಲೇ ಇಲ್ಲ.

"ಅಯ್ಯೋ!" ಎಂದೆ. ಅನ್ನಬಾರದಿತ್ತು.

ಮಂಗಳಕ್ಕ ಎದ್ದು ಬಂದು ನೋಡಿದರು. ಮುಖ ಸಣ್ಣದಾಯಿತು. ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನಾನು ಮುಟ್ಬಾರ್ದಾಗಿತ್ತು ಕಣೇ. ಹಬ್ಬುದ್ ಎಲೆ. ನನ್ನ ಕೈ ಈಗ ಅದುಕ್ಕಲ್ಲ."

ಹೆಂಚು ಹೊಗೆಯಾಡುತ್ತಿತ್ತು. ಒಲೆ ಆರಿಸಿದೆ.

"ಅಕ್ಕ, ಅದು ಎಣ್ಣೆ," ಎಂದೆ. "ಪುಡಿಗೆ ಇಂಕೂ ಒಂದೇ, ಎಣ್ಣೆಯೂ ಒಂದೇ. ಜಿಡ್ಡು ಕಂಡಲ್ಲಿ ಅಂಟಿಕೊಳ್ಳುತ್ತೆ. ಇಟ್ಸ್ ಓನ್ಲಿ ಆಯಿಲ್."

"ನಿನ್ನ ಇಂಗ್ಲೀಷ್ ಬುಡು. ಇಷ್ಟ್ ವರ್ಷ ಇದೇ ಎಣ್ಣೆ ಕೈಯಾಗೆ ಆರ್ತಿ ಎತ್ತೀನಿ, ಸೋಬಾನೆ ಹೇಳಿ ತೊಟ್ಲಿಗೆ ಕೂಸು ಹಾಕೀನಿ. ಆವಾಗೆಲ್ಲ ಏನೂ ಆಗ್ಲಿಲ್ವಲ್ಲ?"

ಇದಕ್ಕೆ ಉತ್ತರ, ನನ್ನ ಕಾನ್ವೆಂಟ್ ಎಜುಕೇಷನ್ನಿನಲ್ಲಿ ಅಲ್ಲ, ಶ್ವೇತಾಳ ಹತ್ತಿರ ಇತ್ತು. ಒಂದು ಖಾಲಿ ಕಾರ್ಡು ತಂದು ಮೇಜಿನ ಮೇಲಿಟ್ಟು, "ಮಾವ, ಸ್ವಲ್ಪ ಬನ್ನಿ ಇಲ್ಲಿ," ಎಂದು ಕೂಗಿದಳು.

ಯಜಮಾನರು ರೆಂಬೆ ತಂದುಕೊಟ್ಟ ಮೇಲೆ ಗೋಡೌನಿಗೆ ಹೋಗಿ ಕೊಬ್ಬರಿ ಆರಿಸಿ ಬಂದಿದ್ದರು. ಒತ್ತಿ ಎಂದರೆ ಒತ್ತಿದರು. ಪುಡಿ ಉದುರಿಸಿ, ಒಲೆ ಹಚ್ಚಿ ಕಾಯಿಸಿದೆವು. ಬಂಗಾರದ ಹೆಬ್ಬೆಟ್ಟು. ನಾನು ಒತ್ತಿದೆ. ನನ್ನದೂ ಬಂತು. ಶ್ವೇತಾ ಒತ್ತಿದಳು. ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಊಹೂಂ. ದಿನಕ್ಕೆ ಹತ್ತು ಸಲ ಸ್ಯಾನಿಟೈಸರ್ ಹಚ್ಚುವ ಕೈ ಅದು.

"ನೋಡಿ ದೊಡ್ಡತ್ತೆ," ಎಂದವಳೇ ಅವರು ಎಣ್ಣೆ ಹಚ್ಚಿದ್ದ ತನ್ನ ತಲೆಯ ಮೇಲೆ ಬೆರಳು ಉಜ್ಜಿಕೊಂಡು ಒತ್ತಿದಳು. ಬಂತು!

"ಹಂಗಾದ್ರೆ ಈ ಮನೇಲಿ ಯಾರ್ ಕೈನೂ ಸರಿಯಿಲ್ಲ ಅನ್ನು," ಎಂದರು ಯಜಮಾನರು.

ಮಂಗಳಕ್ಕ ನಕ್ಕರು. ಆದರೆ ಎದ್ದು ಹೋಗುವಾಗ ಹೇಳಿದ್ದು ಮೊದಲು ಹೇಳಿದ್ದನ್ನೇ. "ನಗ್ರಪ್ಪ, ನಗ್ರಿ. ನಾನು ಮಾತ್ರ ಅವತ್ತು ಈಚಿಗೆ ಬರಲ್ಲ."

ವಿಜಯದಶಮಿ ಬಂತು. ಸಂಜೆ ಹಾಲಿನಲ್ಲಿ ಬೀದಿಯವರು, ಕೊಬ್ಬರಿ ಮಂಡಿಯವರು ಸೇರಿದ್ದರು. ತಟ್ಟೆಯ ತುಂಬ ಬನ್ನಿ. ಪಕ್ಕದಲ್ಲಿ ನಮ್ಮ ಕಾರ್ಡುಗಳು, ಬೆರಳಚ್ಚಿನ ಸಮೇತ. ಬೇರೆ ಮಾಡಲು ನನಗೆ ಮನಸ್ಸು ಬರಲಿಲ್ಲ. ತಟ್ಟೆ ಕೈಗೆತ್ತಿಕೊಂಡು ಯಜಮಾನರ ಮುಂದೆ ನಿಂತೆ. ಅವರು ಕೈ ಚಾಚಲಿಲ್ಲ.

"ಅತ್ತಿಗೆ ಎಲ್ಲಿ?"

"ಗೊತ್ತಲ್ಲ. ಬರಲ್ಲವಂತೆ."

ಯಜಮಾನರು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಆಚೆ ಬಾಗಿಲಿನ ಕಡೆ ನಡೆದರು. ನಾನೂ ಹಿಂದೆ ಹೋದೆ. ಮಂಗಳಕ್ಕ ಕೋಣೆಯಲ್ಲಿ ಒಬ್ಬರೇ ಕೂತು, ಸೌಂಡ್ ಸಣ್ಣ ಮಾಡಿಕೊಂಡು ಟೀವಿಯಲ್ಲಿ ದಸರಾ ಮೆರವಣಿಗೆ ನೋಡುತ್ತಿದ್ದರು. ಯಜಮಾನರು ತಟ್ಟೆಯನ್ನು ಅವರ ಮಂಚದ ಮೇಲಿಟ್ಟು ಎರಡೂ ಕೈ ಚಾಚಿ ನಿಂತರು.

"ಅತ್ಗೆ, ಬನ್ನಿ ಕೊಡಿ."

"ಲಲ್ತಾ ಕೊಡ್ತಾಳೆ. ಹೋಗು."

"ಲಲ್ತಂದು ಆಮ್ಯಾಕೆ. ಮೊದ್ಲು ನಿಮ್ದು."

"ಹಟ ಮಾಡ್ಬ್ಯಾಡ ಕಣಪ್ಪ. ನೋಡ್ದೋರು ಏನಂದಾರು?"

"ನೋಡೋರು ಯಾರವ್ರೆ ಇಲ್ಲಿ? ಟೀವಿಯಾಗಿರೋ ಆನೆ ಒಂದೇ."

ಅಕ್ಕ ತುಟಿ ಬಿಗಿಹಿಡಿದರು. ಯಜಮಾನರು ಅಲುಗಲಿಲ್ಲ. ಅಕ್ಕ ಈ ಮನೆಗೆ ಸೊಸೆಯಾಗಿ ಬಂದಾಗ ಇವರು ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುವ ಹುಡುಗ. ಬುತ್ತಿ ಕಟ್ಟಿ ಕಳಿಸಿದವರು ಅಕ್ಕ.

"ನೀವು ಕೊಡೋಗಂಟ ನಾನು ಯಾರ್ ತಾವೂ ಬನ್ನಿ ಇಸ್ಕಳಲ್ಲ. ಊಟಾನೂ ಮಾಡಲ್ಲ. ನಂಗೆ ಶುಗರ್ ಐತೆ, ಆಮೇಲೆ ತಲೆ ಸುತ್ತಿ ಬಿದ್ರೆ ನೀವೇ ನೋಡ್ಕಳಿ."

"ನೋಡೇ ಲಲ್ತಾ, ಶುಗರ್ ಐತೆ ಅಂತ ಹೆದ್ರುಸ್ತಾನೆ!" ಅಕ್ಕನಿಗೆ ನಗುವೋ ಅಳುವೋ, ಅವರಿಗೇ ತಿಳಿಯಲಿಲ್ಲ. ತಟ್ಟೆಯಿಂದ ಒಂದು ಹಿಡಿ ಬನ್ನಿ ತೆಗೆದು ಮೈದುನನ ಕೈಗೆ ಹಾಕಿದರು. ಇವರು ಬಗ್ಗಿ ಕಾಲು ಮುಟ್ಟಿದರು. ಮಂಡಿನೋವಿಗೆ ಏಳುವುದು ತಡವಾಯಿತು, ನಾನು ರಟ್ಟೆ ಹಿಡಿದೆ.

ಅಕ್ಕ ಹಾಲಿಗೆ ಬರಲಿಲ್ಲ. ಹಾಲೇ ಅಕ್ಕನ ಹತ್ತಿರ ಹೋಯಿತು. ಮಂಡಿಯವರು, ಎದುರುಮನೆಯವರು, ಶ್ವೇತಾಳ ಬ್ಯಾಂಕಿನ ಗೆಳತಿಯರು, ಒಬ್ಬೊಬ್ಬರಾಗಿ ಆ ಬಾಗಿಲಿಗೆ ಹೋಗಿ ಬನ್ನಿ ಇಸಿದುಕೊಂಡು ಬಂದರು. ಕಾರ್ಡು ನೋಡಿ, "ಇದ್ಯಾರ ಹೆಬ್ಬೆಟ್ಟು?" ಎಂದು ಕೇಳಿದವರಿಗೆ, "ನಂದೇ, ಸಾಲ ಗೀಲ ಬರ್ಕಂಡೀರಾ, ಹುಷಾರು," ಎನ್ನುವಷ್ಟು ಅಕ್ಕ ಚೇತರಿಸಿಕೊಂಡಿದ್ದರು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಡೆದದ್ದು ಇನ್ನೊಂದಿದೆ.

ನಮ್ಮ ಬೀದಿಯ ಒಬ್ಬ ಹೆಂಗಸು, ಈ ವರ್ಷ ಮದುವೆಯಾದ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಎಲ್ಲರ ಜೊತೆ ಆಚೆ ಬಾಗಿಲಿನ ಕಡೆ ಹೊರಟಳು. ತಾಯಿ ಅವಳ ಮೊಣಕೈ ಹಿಡಿದರು. "ಲೇಟಾಯ್ತು ಕಣೇ, ಬಾ," ಎಂದರು. ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡರು. ಹುಡುಗಿ ಗೇಟಿನವರೆಗೂ ತಿರುಗಿ ತಿರುಗಿ ನೋಡುತ್ತಿದ್ದಳು.

ಮಂಗಳಕ್ಕನ ಕೋಣೆಯಿಂದ ಗೇಟು ಚೆನ್ನಾಗಿ ಕಾಣುತ್ತದೆ. ಅವರು ನೋಡಿದರು. ನಾನು ಏನೋ ಹೇಳಲು ಬಾಯಿ ತೆಗೆದೆ.

"ಹೋಗ್ಲಿ ಬುಡು," ಎಂದರು. "ಅವಳ ಭಯ ಅವಳಿಗೆ. ಹೋದ್ ವರ್ಷುಕ್ಕೆ ಮುಂಚೆ ನಾನೂ ಹಂಗೇ ಮಾಡ್ತಿದ್ನೇನೋ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ನನಗೆ ಮಾತ್ರ ಇನ್ನೂ ಸಮಾಧಾನವಾಗಿಲ್ಲ. ಆ ತಾಯಿಯ ಮೇಲೆ ಕೋಪವಿಲ್ಲ. ಮಗಳು ಚೆನ್ನಾಗಿರಲಿ ಎಂದೇ ಆಕೆ ಮೊಣಕೈ ಹಿಡಿದದ್ದು. ಯಾರು ಚೆನ್ನಾಗಿರಬಾರದು ಎಂದು ಅಕ್ಕ ಬನ್ನಿ ಕೊಡುತ್ತಿದ್ದರು?

ಬನ್ನಿ ಕೊಡಲು ಬೇಕಾದದ್ದು ಒಂದು ಎಲೆ, ಒಂದು ಕೈ. ಇವೆರಡರ ನಡುವೆ ಗಂಡ ಎಲ್ಲಿಂದ ಬಂದ?