ಚಕ್ಕುಬಂದಿ ಇಲ್ಲದ ಬಿ.ಎ.

ಐವತ್ತರ ದಶಕದ ಕೊನೆ. ಶಿಕಾರಿಪುರದ ಹತ್ತಿರದ ನಮ್ಮ ಮನೆಗೆ ಸರ್ಕಾರಿ ಆರ್ಟ್ಸ್ ಕಾಲೇಜಿನ ಪರಿಚಯ ಪುಸ್ತಕ ಅಂಚೆಯಲ್ಲಿ ಬಂತು, ಬಿ.ಎ. ಓದಲೇಬೇಕೆಂದು ನನ್ನ ತಲೆ ಕೆಟ್ಟಿತು. ಜೊತೆಗಿದ್ದ ಅರ್ಜಿಯಲ್ಲಿ ನನ್ನ ಭಾಗ ತುಂಬಿ, ಅಪ್ಪ ಬರೆಯಬೇಕಾದ ವಿಳಾಸದ, ಸಹಿಯ ಜಾಗ ತೋರಿಸಿ ಅಂದೇ ಕೊಟ್ಟೆ. ಅಪ್ಪ ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದ. ಗಡುವಿಗೆ ಒಂಬತ್ತೇ ದಿನ. ಅಪ್ಪನ ಸಹಿ ಇಲ್ಲದೆ ನನಗೆ ಕಾಲೇಜಿಲ್ಲ. ಅವನೋ, ಪೂರ್ತಿ ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ.

ಮರುದಿನ ಜಗಲಿಯ ಮೇಲೆ ಪುಸ್ತಕ ಓದಿಸಿದ. ಚರಿತ್ರೆ, ಅರ್ಥಶಾಸ್ತ್ರ, ತರ್ಕಶಾಸ್ತ್ರ, ಸಾಹಿತ್ಯ, ಗ್ರಂಥಾಲಯ, ಹಾಸ್ಟೆಲ್ಲು, ಎಲ್ಲವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿ ಇಳಿಸಿ ನನ್ನ ಗಂಟಲು ಒಣಗಿತು.

"ಆತು. ಇದರ ಚಕ್ಕುಬಂದಿ ಎಲ್ಲೈತಿ?"

ಜಮೀನಿನ ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿ ಬರೆದಿರಲೇಬೇಕಲ್ಲ, ಅದನ್ನು ಕೇಳುತ್ತಿದ್ದ!

"ಅಪ್ಪ, ಇದು ಓದು, ಗದ್ದೆ ಅಲ್ಲ."

"ಅದಕ್ಕೇ ಕೇಳೋದು. ಡಾಕ್ಟ್ರ ಓದು ಆಸ್ಪತ್ರಿಗೆ ಮುಟ್ಟತೈತಿ, ವಕೀಲ್ರ ಓದು ಕೋರ್ಟಿಗೆ ಮುಟ್ಟತೈತಿ. ಇದು ಯಾವುದಕ್ಕೆ ಮುಟ್ಟತೈತಿ, ಹೇಳು."

ನನಗೂ ಗೊತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸಾಲದ್ದಕ್ಕೆ ಸೊರಬದ ಸೋದರಮಾವನಿಗೂ ಹೇಳಿಕಳಿಸಿದ. ಮಾವ ಬಂದ, ಉಂಡ, ಮಲಗೆದ್ದ, ಪುಸ್ತಕ ತಿರುವಿ ಹಾಕಿದ. "ಭಾವ, ಇದ್ರಲ್ಲಿ ಸರ್ವೆ ನಂಬರೂ ಇಲ್ವಲ್ರೀ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅಳು ಬರುವುದೊಂದು ಬಾಕಿ. ಹೀಗೇ ಏಳು ದಿನ ಹಾಳಾದವು.

ಎಂಟನೆಯ ದಿನ ಬೆಳಿಗ್ಗೆ ಕಿರುಚಿಯೇಬಿಟ್ಟೆ: "ಇದಕ್ಕೆ ಗಡಿ ಇಲ್ಲಪ್ಪ! ಸಹಿ ಹಾಕ್ತೀಯೋ ಇಲ್ಲೋ?"

ಅಪ್ಪ ಒಳಗೆ ಹೋಗಿ, ಟ್ರಂಕು ತೆಗೆದು, ಮಡಿಸಿದ ಅರ್ಜಿಯನ್ನು ತಂದು ಕೈಗಿತ್ತ. ಬಸ್ಸಿನ ಹೊತ್ತಾಗಿತ್ತು. ಬಿಡಿಸಿಯೂ ನೋಡದೆ ಓಡಿದೆ.

ಕಾಲೇಜಿನ ಗುಮಾಸ್ತರು ಅದನ್ನು ಬಿಡಿಸಿ ಹುಬ್ಬೇರಿಸಿದರು. "ಏನ್ರೀ ಇದು? ವಿಳಾಸ ಬರೀರಿ ಅಂದ್ರೆ ಖರೀದಿಪತ್ರ ಬರೆದಿದಾರಲ್ಲ!"

ವಿಳಾಸದ ಜಾಗದ ತುಂಬ ಅಪ್ಪನ ದಪ್ಪಕ್ಷರ, ಕೆಳಗೆ ಸಹಿ. ನಾಚಿಕೆಯಿಂದ ಸತ್ತೇಹೋದೆ. ಇಲ್ಲಿಗೆ ಬಂದರೂ ಈ ಮನುಷ್ಯನ ಕಾಟ ತಪ್ಪಲಿಲ್ಲವಲ್ಲ! ಗುಮಾಸ್ತರು ಗಟ್ಟಿಯಾಗಿ ಓದತೊಡಗಿದರು:

"ಮನೆಯ ಪೂರ್ವಕ್ಕೆ ಅಂಜನಾಪುರದ ಕಾಲುವೆ. ಪಶ್ಚಿಮಕ್ಕೆ ಬಂಡಿದಾರಿ. ದಕ್ಷಿಣಕ್ಕೆ ಕಣ. ಉತ್ತರಕ್ಕೆ, ಓದಲು ಹೋದ ಮಗನ ಗದ್ದೆ."

ಸಹಿಯ ಕೆಳಗೆ ತಾರೀಖಿತ್ತು. ಪುಸ್ತಕ ಬಂದ ದಿನದ್ದು. ನಾನಿನ್ನೂ ಒಂದು ಪುಟವನ್ನೂ ಓದಿ ಹೇಳಿರಲಿಲ್ಲ.