ಅಮಾಸೆಬೈಲಿಗೆ ಮೂರು ಹೆಸರು

ತೆಕ್ಕಟ್ಟೆಯ ಸುಗುಣ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಆರು ವರ್ಷವಾಗಿತ್ತು. 2003ರಲ್ಲಿ ಅಲ್ಲಿನ ಮೂರೂ ಕೋಣೆಗೆ ಕಂಪ್ಯೂಟರ್ ಬಂದು, ಒಂದರಿಂದೊಂದಕ್ಕೆ ವೈರು ಎಳೆದದ್ದೂ ಆಯಿತು. ಉಳಿದವರು ದೂಳು ಕೂರದಂತೆ ಬಟ್ಟೆ ಹೊದೆಸಿದರು. ಈಕೆ ಜೊತೆಗೆ ಬಂದ ಇಂಗ್ಲಿಷ್ ಮಾರ್ಗಸೂಚಿಯನ್ನು ಮನೆಗೊಯ್ದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ವಾರವಿಡೀ ಓದಿದಳು. ನಲವತ್ತು ಪುಟಗಳಲ್ಲಿ ಒಂದು ತತ್ವ ಅವಳಿಗೆ ಹುಚ್ಚು ಹಿಡಿಸಿಬಿಟ್ಟಿತು: ಮಾಹಿತಿಯನ್ನು ಒಂದೇ ಕಡೆ ಬರೆದಿಡಬೇಕು, ಬೇಕಾದವರೆಲ್ಲ ಅಲ್ಲಿಂದಲೇ ತೆಗೆದುಕೊಳ್ಳಬೇಕು.

"ಮನಿಗೊಂದ್ ಬಾವಿ ಸಾಕಲ್ದಾ? ಕೋಣಿಗೊಂದ್ ತೋಡ್ತ್ರಾ?" ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಊರುಗಳ ಹೆಸರಿನ ಪಟ್ಟಿಯೊಂದನ್ನು ತನ್ನ ಕಂಪ್ಯೂಟರಿನಲ್ಲಿ ಸಿದ್ಧಮಾಡಿಯೂ ಇಟ್ಟಳು. ಕೇಳುವವರೇ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಮಾಸೆಬೈಲಿನ ವನಜ ಬಂದರು. ಮೊಮ್ಮಗಳಿಗೆ ಹಾಸ್ಟೆಲ್ಲಿನಲ್ಲಿ ಜಾಗ ಸಿಗಬೇಕಾದರೆ ವಾಸದ ಪತ್ರವನ್ನು ಆ ಸಂಜೆಯೊಳಗೆ ಮುಟ್ಟಿಸಬೇಕಿತ್ತು. ಸುಗುಣಳ ಕೋಣೆಯಲ್ಲಿ ಅರ್ಜಿ ಸಲೀಸಾಗಿ ಹೋಯಿತು. ಪತ್ರ ಕೊಡುವ ಕೋಣೆಯ ಕಂಪ್ಯೂಟರ್ ಮಾತ್ರ ಅಂಥ ಊರೇ ಇಲ್ಲವೆಂದಿತು.

"ನಮ್ಮೂರೇ ಇಲ್ಯಾ? ಹಂಗಾರೆ ಬೆಳಿಗ್ಗೆ ನಾನ್ ಬಸ್ ಹತ್ದ್ ಎಲ್ಲಿಂದ, ಮಗಾ?"

ಸುಗುಣ ಕೋಣೆಯಿಂದ ಕೋಣೆಗೆ ಓಡಿದಳು. ತನ್ನಲ್ಲಿ ಅಮಾಸೆಬೈಲು. ಪಕ್ಕದಲ್ಲಿ ಅಮಾಸೆ ಬೈಲು, ನಡುವೆ ಜಾಗ ಬಿಟ್ಟು. ಪತ್ರ ಕೊಡುವ ಹಿರಿಯ ಗುಮಾಸ್ತ ಚಂದಯ್ಯನವರಲ್ಲಿ ಅಮಾವಾಸ್ಯೆಬೈಲು. ಕಣ್ಣಿಗೆ ಒಂದೇ ಊರು, ಯಂತ್ರಕ್ಕೆ ಮೂರು! ತಾನು ಓದಿದ ಪುಟ ಎದುರೇ ಎದ್ದು ನಿಂತಂತಾಯಿತು.

ಹೆಸರು ತಿದ್ದಿಕೊಳ್ಳಿ ಎಂದರೆ ಚಂದಯ್ಯ ಜಗ್ಗಲಿಲ್ಲ. "ಅಮಾಸಿ ಅಂಬುದ್ ಬಾಯ್ಮಾತ್. ಸರ್ಕಾರಿ ಕಾಗ್ದದಗೆ ಶುದ್ಧ ಕನ್ನಡ ಇರ್ಕ್."

"ಚಂದಯ್ಯಣ್ಣ, ಊರಿನ್ ಹೆಸ್ರ್ ಊರಿನೋರ್ ಹತ್ರ ಕೇಣಿ," ಎಂದು ಸುಗುಣ ವನಜರನ್ನೇ ಒಳಗೆ ಕರೆದಳು.

"ಅಮಾವಾಸ್ಯೆಬೈಲ್ ಅಂದ್ರೆ ಕಂಡಕ್ಟ್ರ್ ಟಿಕೇಟೇ ಕೊಡೂದಿಲ್ಲ," ಎಂದರು ವನಜ.

ಚಂದಯ್ಯನವರಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟುಕೊಟ್ಟರು. ಸುಗುಣ ಉಳಿದೆರಡು ಕೋಣೆಗಳ ಪಟ್ಟಿಗಳನ್ನು ಅಳಿಸಿ, ಮೂರೂ ಕಂಪ್ಯೂಟರುಗಳು ತನ್ನ ಒಂದೇ ಪಟ್ಟಿಯನ್ನು ನೋಡುವಂತೆ ಮಾಡಿದಳು. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಪ್ರಿಂಟರ್ ಗರಗರ ಎಂದಿತು. ನಾಲ್ಕೂವರೆಗೆ ವನಜ ಪತ್ರ ಹಿಡಿದು ಹಾಸ್ಟೆಲ್ಲಿನತ್ತ ಓಡಿದರು.

ಚಂದಯ್ಯ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತರು. ಹಳೆಯ ಪಟ್ಟಿಗಳಲ್ಲಿ ಕೋಟೇಶ್ವರಕ್ಕೆ ಎಷ್ಟು ಹೆಸರಿದ್ದಿರಬಹುದೆಂದು ಮೆಲ್ಲಗೆ ಕೇಳಿದರು.

"ನಾಲ್ಕ್," ಎಂದಳು ಸುಗುಣ. "ಅದ್ರಗೆ ಎರಡ್ ನಿಮ್ದೇ."