ಎಂಟು ಗಂಟೆಯ ಬಸ್ಸಿನಲ್ಲಿ ಹೋದ ಹಾಲು

ಅವರ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಕಂಡಕ್ಟರ್ ಚೀಲ ನೇತುಹಾಕಿಕೊಂಡು ಇಳಿದುಹೋದ ಭುಜ. ಚೀಲವಿಲ್ಲದೆ ನಡೆಯುವಾಗಲೂ ಅವರು ಒಂದು ಬದಿಗೆ ವಾಲಿಕೊಂಡೇ ನಡೆಯುತ್ತಿದ್ದರು.

ಬೈಂದೂರಿನಿಂದ ಉಡುಪಿಗೆ ಹೋಗುವ ಖಾಸಗಿ ಬಸ್ಸು. ನಾವುಂದಕ್ಕೆ ಸರಿಯಾಗಿ ಎಂಟಕ್ಕೆ ಬರುತ್ತಿತ್ತು. ಕುಂದಾಪುರದ ಶಾಲೆಯಲ್ಲಿ ಪಾಠ ಮಾಡುವ ನಾನು ಎಂಟು ವರ್ಷ ಅದರಲ್ಲೇ ಓಡಾಡಿದವಳು. ಅವರು ನನಗೆ ‘ಕಂಡಕ್ಟ್ರಣ್ಣ’, ನಾನು ಅವರಿಗೆ ‘ಟೀಚ್ರು’. ಅದಕ್ಕಿಂತ ಹೆಚ್ಚಿನ ಪರಿಚಯವೇನೂ ಇರಲಿಲ್ಲ. ಮೀನಿನ ಬುಟ್ಟಿಯ ಹೆಂಗಸರ ಹತ್ತಿರ ಜಗಳಾಡುತ್ತಲೇ ಬುಟ್ಟಿಗೆ ಕೈ ಕೊಟ್ಟು ಇಳಿಸುವ, ಕಾಲೇಜು ಹುಡುಗರನ್ನು ಗದರಿಸುವ ಮನುಷ್ಯ. ಅಷ್ಟೇ ಗೊತ್ತಿದ್ದದ್ದು.

ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದಳು. ತೂಕ ಒಂದು ಕಿಲೋದ ಮೇಲೆ ನೂರು ಗ್ರಾಂ. ಉಡುಪಿ ಕಡೆಯ ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮೂಗಿನ ನಳಿಗೆಯಲ್ಲಿ ಹಾಲು ಕೊಡುತ್ತಿದ್ದರು. ಹತ್ತು ದಿನಕ್ಕೆ ನನಗೆ ಡಿಸ್ಚಾರ್ಜ್ ಆಯಿತು, ಅವಳಿಗೆ ಆಗಲಿಲ್ಲ. ನನ್ನ ಹೊಲಿಗೆ ಸರಿಯಾಗಿ ಕೂಡಿರಲಿಲ್ಲ. ಮನೆ ಸೇರಿದ ಮೇಲೆ ಕೆಲವು ವಾರ ಬಸ್ಸು, ರಿಕ್ಷಾ ಏನೂ ಬೇಡ ಎಂದರು ಡಾಕ್ಟರು. ಗಂಡ ಆಸ್ಪತ್ರೆಯಲ್ಲಿ ಉಳಿದರು, ನಾನು ನಾವುಂದದ ತವರುಮನೆಗೆ ಬಂದೆ. ಬಂಧುಗಳು ಬಂದರು. ಬೆಳ್ಳಿಯ ಕಾಲ್ಗೆಜ್ಜೆ, ಗಿಲಕಿ, ಉಲ್ಲನ್ ಟೊಪ್ಪಿ ತಂದರು. ಒಬ್ಬರು ತೊಟ್ಟಿಲನ್ನೇ ತಂದಿಟ್ಟರು. ಎಲ್ಲ ಪ್ರೀತಿಯಿಂದಲೇ. ಆದರೆ ಆ ಖಾಲಿ ತೊಟ್ಟಿಲು ಕಂಡಾಗೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಕೊನೆಗೆ ಅಮ್ಮ ಅದರ ಮೇಲೆ ಹಳೇ ಸೀರೆ ಹೊದೆಸಿದಳು.

ಒಂದು ಸಂಜೆ ಕಂಡಕ್ಟ್ರಣ್ಣ ನಮ್ಮ ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಮೀನಿನವರು ಐಸು ತುಂಬುವ ಬಗೆಯ ಥರ್ಮಕೋಲ್ ಪೆಟ್ಟಿಗೆ. ಹೊಸದು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗಂಡನನ್ನು ಕಂಡು ವಿಷಯ ಕೇಳಿಕೊಂಡು, ನರ್ಸಮ್ಮನ ಹತ್ತಿರ ಹಾಲು ಎಷ್ಟು ತಂಪಿರಬೇಕು, ಎಷ್ಟು ಹೊತ್ತು ತಡೆಯುತ್ತದೆ ಎಂದೆಲ್ಲ ವಿಚಾರಿಸಿಯೇ ಬಂದಿದ್ದರು.

“ತೊಟ್ಲ್ ತಂದ್ ಕೊಡೋರ್ ಸುಮಾರ್ ಜನ ಇದ್ರ್, ಟೀಚ್ರೆ. ಹಾಲ್ ತಕಂಡ್ ಹೋಪುಕೆ ಒಂದ್ ಜನ ಬೇಕಲೆ? ನಾನ್ ಇದ್ದೆ. ನಾಳೆಯಿಂದ ಎಂಟ್ ಗಂಟಿಗೆ ಬಾಟ್ಲಿ ರೆಡಿ ಇರ್ಲಿ.”

ನಾನು ಅಳತೊಡಗಿದೆ. ಆಸ್ಪತ್ರೆಯಲ್ಲಿ ಕೊಡುವ ಬೇರೆ ಹಾಲಿಗಿಂತ ತಾಯಿಯ ಹಾಲೇ ಆ ಕೂಸಿಗೆ ಔಷಧಿ ಎಂದು ಡಾಕ್ಟರು ಹೇಳಿದ್ದರು. ನನ್ನದು ಇಲ್ಲಿ ಸೆರಗು ನೆನೆಸಿ ವ್ಯರ್ಥವಾಗುತ್ತಿತ್ತು. ಅವರು ಅಳು ನೋಡದವರ ಹಾಗೆ ಬಾವಿಯ ಕಡೆ ತಿರುಗಿ, “ನೀರ್ ಚಂದ ಇತ್ತಲೆ ಈ ಬಾವಿದ್” ಎಂದರು.

ಮರುದಿನದಿಂದ ಅಮ್ಮ ಪೆಟ್ಟಿಗೆ ಹಿಡಿದು ರಸ್ತೆಯ ಬದಿ ನಿಲ್ಲುತ್ತಿದ್ದಳು. ಅವರು ಡ್ರೈವರ್ ಸೀಟಿನ ಹಿಂದೆ ಅದಕ್ಕೊಂದು ಜಾಗ ಮಾಡಿದ್ದರು. ಅಲ್ಲಿ ಯಾರೂ ಕಾಲು ಚಾಚುವಂತಿಲ್ಲ. ಉಡುಪಿ ಸ್ಟ್ಯಾಂಡಿನಲ್ಲಿ ನನ್ನ ಗಂಡ ಕಾಯುತ್ತಿದ್ದರು. ಪೆಟ್ಟಿಗೆಯ ಜೊತೆ ಅವರಿಗೂ ಒಂದೊಂದು ದಿನ ಒಂದೊಂದು ಸಿಗುತ್ತಿತ್ತು: ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಮಡಚುವ ಚಾಪೆ, ಉದ್ದ ವಯರಿನ ಮೊಬೈಲ್ ಚಾರ್ಜರ್. “ಎಂತ ಬೇಕ್ ಅಂತ ನಾ ಕೇಂತಿಲ್ಲೆ. ಕೇಂಡ್ರೆ ಎಂತ ಬ್ಯಾಡ ಅಂತ್ರಿ” ಎಂದು ಕಂಡಕ್ಟ್ರಣ್ಣ ಕೈಗೆ ತುರುಕಿ ಹೋಗಿಬಿಡುತ್ತಿದ್ದರಂತೆ.

ಸಂಜೆ ಬಸ್ಸು ಹಿಂದೆ ಬರುವಾಗ ಗಂಡ ಹೇಳಿದ ತೂಕವನ್ನು ಬಾಗಿಲಲ್ಲಿ ನೇತಾಡಿಕೊಂಡೇ ಕೂಗುತ್ತಿದ್ದರು: “ಹ್ವಾಯ್ ಅಮ್ಮಾ, ಇಪ್ಪತ್ತ್ ಗ್ರಾಂ ಏರಿತ್!” ಬಸ್ಸಿನೊಳಗೆ ಎಲ್ಲರಿಗೂ ಅದು ಗೊತ್ತಿರುತ್ತಿತ್ತು. ಮೀನಿನ ಹೆಂಗಸರು ಬೆಳಿಗ್ಗೆ ಹತ್ತುವಾಗಲೇ “ನಿನ್ನೆ ಎಷ್ಟಾಯ್ತ್?” ಎನ್ನುತ್ತಿದ್ದರಂತೆ. ತೂಕ ಇಳಿದ ಒಂದು ದಿನ ಮಾತ್ರ ಅವರು ಕೂಗಲಿಲ್ಲ. ಬಸ್ಸು ನಿಲ್ಲಿಸಿ, ಇಳಿದು, ಅಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿ ಹೋದರು.

ಜೋರು ಮಳೆಯ ಒಂದು ಬೆಳಿಗ್ಗೆ ಮರವಂತೆಯಲ್ಲಿ ಟ್ಯಾಂಕರೊಂದು ಅಡ್ಡ ಬಿತ್ತು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಬಳಸಿ ಹೋಗಲು ಜಾಗವೇ ಇಲ್ಲ. ಎರಡೂ ಕಡೆ ವಾಹನಗಳ ಸಾಲು. ಹಿಂದಿನ ದಿನ ಹಾಲು ಕಡಿಮೆ ಬಂದಿತ್ತು. ಆಸ್ಪತ್ರೆಯಲ್ಲಿ ಇನ್ನೊಂದೇ ಹೊತ್ತಿಗಾಗುವಷ್ಟಿದೆ ಎಂದು ಗಂಡ ಫೋನು ಮಾಡಿದ್ದರು. ನಾನು ಮನೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ.

ಕಂಡಕ್ಟ್ರಣ್ಣ ಅರ್ಧ ಗಂಟೆ ಕಾದರಂತೆ. ಆಮೇಲೆ ಚೀಲ ಕಳಚಿ ಡ್ರೈವರಿಗೆ ಕೊಟ್ಟು, “ನೀ ಬಸ್ ಕಾಣ್ಕೋ” ಎಂದು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಇಳಿದರು. ಲಾರಿಗಳ ಸಂದಿಯಲ್ಲಿ, ಗಾಳಿಗೆ ಕಡಲ ನೀರು ಮುಖಕ್ಕೆ ಹೊಡೆಯುವಾಗ, ವಾಹನಗಳ ಸಾಲು ಮುಗಿಯುವ ತ್ರಾಸಿಯವರೆಗೆ ನಡೆದರು. ಅಲ್ಲಿಂದ ತಿರುಗಿ ಹೊರಟ ಬೇರೆ ಬಸ್ಸು ಹತ್ತಿ ಉಡುಪಿ ಮುಟ್ಟಿದರು. ಪೂರ್ತಿ ನೆನೆದಿದ್ದರು, ಪೆಟ್ಟಿಗೆಗೆ ಮಾತ್ರ ಅವರ ರೇನ್‌ಕೋಟು ಸುತ್ತಿತ್ತು ಎಂದು ಗಂಡ ಈಗಲೂ ಹೇಳುತ್ತಾರೆ.

ಬಸ್ಸಿನ ಧಣಿ ಸಿಟ್ಟಾಗಿದ್ದರು. ಡ್ಯೂಟಿ ಬಿಟ್ಟು ಹೋದದ್ದು ಯಾಕೆ ಎಂದು ಎಲ್ಲರೆದುರು ಕೇಳಿದ್ದಕ್ಕೆ ಇವರ ಉತ್ತರ ಆ ಲೈನಿನಲ್ಲೆಲ್ಲ ಹಬ್ಬಿತು: “ಬಸ್ ನಿಂತ್ರೆ ನಿಲ್ಲಲಿ. ಮಗಿನ್ ಹಸಿವು ನಿಲ್ಲತ್ತಾ?”

ಇಪ್ಪತ್ತಮೂರು ದಿನ ಅವರು ಹಾಲು ಹೊತ್ತರು. ಆಮೇಲೆ ನನಗೇ ಹೋಗಲು ಸಾಧ್ಯವಾಯಿತು. ಮತ್ತೂ ಒಂದು ತಿಂಗಳ ನಂತರ ಮಗಳು ಮನೆಗೆ ಬಂದಳು. ಈಗ ಒಂದನೇ ತರಗತಿ. ಅವಳಿಗೆ ಹಸಿವಾದರೆ ಬೀದಿಗೆಲ್ಲ ಕೇಳಿಸುತ್ತದೆ.

ಹೋದ ಬೇಸಿಗೆಯಲ್ಲಿ ಕಂಡಕ್ಟ್ರಣ್ಣ ಎದೆನೋವಿನಿಂದ ತೀರಿಕೊಂಡರು. ಮಗಳನ್ನು ಕರೆದುಕೊಂಡು ಕೊಕ್ಕರ್ಣೆಯ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ಯಾರೆಂದು ತಿಳಿಯದೆ ನನ್ನ ಮುಖ ನೋಡಿದರು. ಹಾಲಿನ ಸಂಗತಿ ಹೇಳತೊಡಗಿದೆ. ಅವರಿಗೆ ಏನೂ ಗೊತ್ತಿರಲಿಲ್ಲ.

“ಯಾವ ವರ್ಷ? ಆ ಮಳೆಗಾಲವಾ?” ಎಂದು ನಡುವೆ ತಡೆದು ಕೇಳಿದರು. ವರ್ಷ ಹೇಳಿ, ಹೌದು, ಮಳೆಗಾಲವೇ ಎಂದೆ.

“ಆ ತಿಂಗ್ಳ್ ಅವ್ರ್ ವಾರದ ರಜಿಗೂ ಮನಿಗ್ ಬರ್ಲಿಲ್ಲ. ಬೈಂದೂರಗೇ ಉಳ್ದ್ರ್. ಕೇಂಡ್ರೆ ಡ್ಯೂಟಿ ಇತ್ತ್ ಅಂದ್ರ್. ನಾನ್ ಎಷ್ಟ್ ಜಗಳ ಮಾಡಿದ್ದೆ ಗೊತ್ತಿತ್ತಾ?”

ಇಪ್ಪತ್ತಮೂರು ದಿನವೂ ಅವರೇ ಬಂದಿದ್ದರು. ಅವರಿಗೂ ರಜೆ ಎಂಬುದೊಂದು ಇರುತ್ತದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಿಧಾನಕ್ಕೆ ಅವರ ಬೆನ್ನು ನೆಟ್ಟಗಾಯಿತು. ಎದ್ದು ಹೋಗಿ ಒಳಗಿದ್ದ ನಾದಿನಿಯರನ್ನೂ ನೆರೆಮನೆಯವರನ್ನೂ ಜಗಲಿಗೆ ಕರೆತಂದು ಕೂರಿಸಿದರು.

“ನಮ್ಮನಿಯೋರ್ ಎಂತ ಮಾಡಿದ್ರ್ ಅಂತ ಇವ್ರ್ ಹೇಳ್ತ್ರ್, ಕೇಣಿ” ಎಂದು ಅವರಿಗೆ ಹೇಳಿ ನನ್ನ ಕಡೆ ತಿರುಗಿದರು. “ಹೇಳಿ ಟೀಚ್ರೆ. ಮೊದ್ಲಿಂದ ಹೇಳಿ.”

ನಾನು ಮೊದಲಿನಿಂದ ಹೇಳಿದೆ.